ಮನೆಯೊಳಗಿನ ಜೇಡ: ಅದರ ಗುರುತು ಮತ್ತು ಭಯದ ನಿವಾರಣೆ

ಯುಗಾದಿಯೋ ದೀಪಾವಳಿಯೋ ಹತ್ತಿರ ಬಂದಿತೆಂದರೆ ಮನೆಗಳಲ್ಲಿ ಗುಡಿಸಿ ಸಾರಿಸುವ, ಸುಣ್ಣ ಬಳಿಯುವ ಕೆಲಸ ಮೊದಲಾಗುತ್ತದೆ. ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ, ಜಂತೆಯ ಸಂದಿನಲ್ಲಿ ಜೋತಾಡುವ ಇಲ್ಲಣವನ್ನು ತೆಗೆಯುತ್ತಿರುವಾಗ ಅಂಗೈಯಗಲದ ಜೇಡವೊಂದು ತಟ್ಟನೆ ಹೊರಬಿದ್ದು ಗೋಡೆಯ ಮೇಲೆ ಓಡುತ್ತದೆ. ಕೋಲು ಹಿಡಿದ ತಾಯಿ ಚೀರಿ ಹಿಂದಕ್ಕೆ ಸರಿಯುತ್ತಾಳೆ. ಬಾಗಿಲಲ್ಲಿ ನಿಂತ ಮೂರು ವರ್ಷದ ಮಗು ಆ ಕ್ಷಣದಲ್ಲಿ ನೋಡುವುದು ಜೇಡವನ್ನಲ್ಲ, ತಾಯಿಯ ಮುಖವನ್ನು. ಜೇಡವು ಯಾರನ್ನೂ ಕಚ್ಚದೆ ಅಟ್ಟದ ಕತ್ತಲೆಯನ್ನು ಸೇರಿಕೊಳ್ಳುತ್ತದೆ. ಆದರೆ ಮಗು ಅಂದು ಒಂದು ಪಾಠವನ್ನು ಕಲಿತುಬಿಟ್ಟಿರುತ್ತದೆ.

ಈ ಭಯದಿಂದ ಎರಡು ಬಗೆಯ ಹಾನಿಯುಂಟು. ಮೊದಲನೆಯದು ಎಲ್ಲರಿಗೂ ಕಾಣುವಂಥದು: ಬಚ್ಚಲಿಗೆ ಒಬ್ಬರೇ ಹೋಗಲು ಅಂಜುವುದು, ಉಗ್ರಾಣದ ಬಾಗಿಲು ತೆರೆಯಲು ಹಿಂಜರಿಯುವುದು, ರಾತ್ರಿ ನಿದ್ದೆಗೆಡುವುದು. ಎರಡನೆಯದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಆದರೆ ಹೆಚ್ಚು ಅಪಾಯಕರ. ಮೈಮೇಲೆ ಏನೇ ಗುಳ್ಳೆಯೆದ್ದರೂ, ರಾತ್ರಿ ಏನೇ ಕಚ್ಚಿದಂತಾದರೂ ಅದನ್ನು ಜೇಡದ ಮೇಲೆ ಹೊರಿಸಿಬಿಡುವುದರಿಂದ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಚಿಕಿತ್ಸೆಗೆ ಸಲ್ಲಬೇಕಾದ ಅಮೂಲ್ಯವಾದ ಹೊತ್ತು ಹೀಗೆ ಕಳೆದುಹೋಗುತ್ತದೆ. ಆದಕಾರಣ ಜೇಡವನ್ನು ಗುರುತಿಸಲು ತಿಳಿದಿರುವುದು ಪ್ರತಿಯೊಂದು ಕುಟುಂಬಕ್ಕೂ ಅವಶ್ಯಕವಾದ ವಿಷಯವಾಗಿದೆ.

ಜೇಡವೆಂದರೇನು?

ಜೇಡವನ್ನು ನಾವು ರೂಢಿಯಲ್ಲಿ ಹುಳುವೆಂದು ಕರೆದರೂ ಅದು ಕೀಟಗಳ ವರ್ಗಕ್ಕೆ ಸೇರಿದುದಲ್ಲ. ಕೀಟಕ್ಕೆ ಆರು ಕಾಲುಗಳು, ದೇಹದಲ್ಲಿ ಮೂರು ಭಾಗಗಳು. ಜೇಡಕ್ಕೆ ಎಂಟು ಕಾಲುಗಳು, ದೇಹದಲ್ಲಿ ಎರಡೇ ಭಾಗಗಳು. ರೆಕ್ಕೆಯಾಗಲಿ ಮೀಸೆಯಾಗಲಿ ಅದಕ್ಕಿಲ್ಲ. ಕಣ್ಣುಗಳು ಸಾಮಾನ್ಯವಾಗಿ ಎಂಟು. ಹೊಟ್ಟೆಯ ಹಿಂತುದಿಯಲ್ಲಿರುವ ಅಂಗಗಳಿಂದ ರೇಷ್ಮೆಯಂಥ ನೂಲನ್ನು ತೆಗೆಯುತ್ತದೆ. ಎಲ್ಲ ಜೇಡಗಳೂ ನೂಲುತ್ತವೆ. ಆದರೆ ಎಲ್ಲವೂ ಬಲೆ ಕಟ್ಟುವುದಿಲ್ಲವೆಂಬುದನ್ನು ಗಮನಿಸಬೇಕು. ಜಗತ್ತಿನಲ್ಲಿ ಈವರೆಗೆ 50,000ಕ್ಕೂ ಹೆಚ್ಚು ಜಾತಿಯ ಜೇಡಗಳನ್ನು ವಿಜ್ಞಾನಿಗಳು ಹೆಸರಿಸಿದ್ದಾರೆ. ಇವುಗಳಲ್ಲಿ ಮನುಷ್ಯನಿಗೆ ಕೇಡು ಮಾಡಬಲ್ಲವು ಬೆರಳೆಣಿಕೆಯಷ್ಟು ಮಾತ್ರ.

ನಮ್ಮ ನಾಡಿನವರು ಈ ಪ್ರಾಣಿಯನ್ನು ಯಾವಾಗಲೂ ಹಗೆಯೆಂದು ಎಣಿಸಿದವರಲ್ಲ. ಕನ್ನಡದಲ್ಲಿ ಜೇಡನೆಂದರೆ ನೇಕಾರ. ಬಟ್ಟೆ ನೇಯ್ದು ಬದುಕಿದ ವಚನಕಾರ ದಾಸಿಮಯ್ಯನನ್ನು ಜೇಡರ ದಾಸಿಮಯ್ಯನೆಂದೇ ಕರೆಯುತ್ತೇವೆ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಶಿವನನ್ನು ಪೂಜಿಸಿ ಮುಕ್ತಿ ಪಡೆದ ಮೂವರಲ್ಲಿ ಜೇಡವೂ ಒಂದು. ಆ ಊರಿನ ಹೆಸರಿನಲ್ಲಿರುವ ‘ಶ್ರೀ’ ಜೇಡವನ್ನೂ, ‘ಕಾಳ’ ಸರ್ಪವನ್ನೂ, ‘ಹಸ್ತಿ’ ಆನೆಯನ್ನೂ ಸೂಚಿಸುತ್ತವೆಂದು ಹೇಳುತ್ತಾರೆ. ಮಕ್ಕಳಿಗೆ ಗುಮ್ಮನ ಕಥೆಗೆ ಬದಲಾಗಿ ಈ ಕಥೆಯನ್ನು ಹೇಳಬಹುದಾಗಿದೆ.

ಮನೆಯಲ್ಲಿ ಕಾಣುವ ಜೇಡಗಳು

ಹೆಚ್ಚು ಜನರನ್ನು ಹೆದರಿಸುವುದು ಮೇಲೆ ಹೇಳಿದ ಅಂಗೈಯಗಲದ ಜೇಡ. ಇದರ ಮೈ ಚಪ್ಪಟೆ, ಬಣ್ಣ ಕಂದು. ಕಾಲುಗಳು ಏಡಿಯ ಕಾಲುಗಳಂತೆ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಕಾಲು ಹರಡಿದಾಗ 10 ಸೆಂಟಿಮೀಟರಿಗಿಂತ ಹೆಚ್ಚು ಅಗಲವಾಗುವುದೂ ಉಂಟು. ಇದು ಬಲೆ ಕಟ್ಟುವುದಿಲ್ಲ. ಹಗಲು ಹೊತ್ತು ಹೆಂಚಿನ ಕೆಳಗೆ, ಕ್ಯಾಲೆಂಡರಿನ ಹಿಂದೆ, ಬಾಗಿಲ ಸಂದಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಇದರ ಮುಖ್ಯ ಆಹಾರಗಳಲ್ಲಿ ಜಿರಳೆಯೂ ಒಂದು. ಕೆಲವೊಮ್ಮೆ ಇದರ ಹೊಟ್ಟೆಯ ಕೆಳಗೆ ನಾಣ್ಯದಂತೆ ಗುಂಡಗೆ ಚಪ್ಪಟೆಯಾದ ಬಿಲ್ಲೆಯೊಂದು ಕಾಣುತ್ತದೆ. ಅದು ವಿಷದ ಚೀಲವಲ್ಲ. ಹೆಣ್ಣು ಜೇಡವು ತನ್ನ ನೂರಾರು ಮೊಟ್ಟೆಗಳನ್ನು ನೂಲಿನಲ್ಲಿ ಸುತ್ತಿ, ಮರಿಯಾಗುವವರೆಗೂ ಮೈಗವಚಿಕೊಂಡು ಹೊತ್ತು ತಿರುಗುತ್ತದೆ. ಇಂಥ ತಾಯಿಜೇಡವನ್ನು ಕೈಯಿಂದ ಹಿಡಿಯಲು ಹೋದರೆ ಕಚ್ಚಬಹುದು; ಆ ಕಡಿತದಿಂದ ನೋವೂ ಸ್ವಲ್ಪ ಊತವೂ ಆಗುವುವೇ ಹೊರತು ಪ್ರಾಣಾಪಾಯವಿಲ್ಲ. ಜೇಡವು ನಮ್ಮ ಮೇಲೆ ನುಗ್ಗಿ ಬಂದಂತೆ ತೋರುವುದು, ಬೆಳಕು ಬಿದ್ದೊಡನೆ ದಿಕ್ಕುಗಾಣದೆ ಓಡುವುದರಿಂದ.

ಕೋಣೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಬಚ್ಚಲ ಸೂರಿನಲ್ಲಿ ಗೊಂದಲವಾದ ಸಡಿಲ ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುವ ಜೇಡವನ್ನು ನೀವೆಲ್ಲರೂ ಕಂಡಿದ್ದೀರಿ. ಅದರ ದೇಹ ಜೀರಿಗೆಗಿಂತ ತುಸು ದೊಡ್ಡದು. ಕಾಲುಗಳು ಕೂದಲೆಳೆಯಂತೆ ಬಲು ಉದ್ದ. ಮುಟ್ಟಿದೊಡನೆ ಬಲೆಯ ಸಮೇತ ವೇಗವಾಗಿ ಅಲುಗಾಡಿ ಕಣ್ಣಿಗೆ ಮಸುಕಾಗಿಬಿಡುತ್ತದೆ. ಅದು ಹೆದರಿದಾಗ ಮಾಡುವ ಉಪಾಯ ಅದು. ಇಲ್ಲಣವೆಂದು ನಾವು ತೆಗೆದೆಸೆಯುವುದರಲ್ಲಿ ಬಹುಪಾಲು ಈ ಜೇಡದ ಹಳೆಯ ಬಲೆಗೆ ಧೂಳೂ ಹೊಗೆಯ ಮಸಿಯೂ ಅಂಟಿದುದೇ ಆಗಿರುತ್ತದೆ.

ಹಗಲಿನಲ್ಲಿ ಗೋಡೆಯ ಮೇಲೂ ಕಿಟಕಿಯ ಸರಳುಗಳ ಮೇಲೂ ತುಸು ಓಡಿ, ನಿಂತು, ಮತ್ತೆ ಜಿಗಿಯುವ ಸಣ್ಣ ಜೇಡ ಇನ್ನೊಂದು ಬಗೆಯದು. ಒಂದು ಸೆಂಟಿಮೀಟರಿನಷ್ಟು ಉದ್ದ, ಗಿಡ್ಡ ಕಾಲು, ಬೂದು ಅಥವಾ ಕಪ್ಪು ಮೈಮೇಲೆ ಬಿಳಿಯ ಪಟ್ಟೆ. ಮುಖದ ಮುಂದೆ ಎರಡು ದೊಡ್ಡ ಕಣ್ಣುಗಳಿದ್ದು, ನೀವು ಬೆರಳು ಚಾಚಿದರೆ ತಿರುಗಿ ನಿಮ್ಮತ್ತಲೇ ನೋಡುತ್ತದೆ. ನೊಣ, ಸೊಳ್ಳೆಗಳನ್ನು ಬೆಕ್ಕಿನಂತೆ ಹೊಂಚಿ ಹಿಡಿಯುತ್ತದೆ. ಜೇಡದ ಭಯವಿರುವವರು ಮೊದಲು ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಸಾಧುವಾದುದು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಗೋಡೆಗೆ ಅಂಟಿಕೊಂಡಿರುವ ಬಿಳಿಯ ಕಾಗದದ ಚೂರಿನಂಥ ಬಿಲ್ಲೆಗಳು ಜೇಡಗಳು ಮೊಟ್ಟೆಗಳಿಗೆ ಹೊದಿಸಿದ ಮುಚ್ಚಳಗಳು. ಕೈತೋಟದಲ್ಲಿ ಗುಂಡು ಬಲೆಯ ನಡುವೆ ಗುಣಾಕಾರ ಚಿಹ್ನೆಯಂತೆ ಕಾಲು ಚಾಚಿ ಕುಳಿತಿರುವ ಹಳದಿ ಪಟ್ಟೆಯ ಜೇಡವೂ, ಮಲೆನಾಡಿನ ತೋಟಗಳಲ್ಲಿ ಮರದಿಂದ ಮರಕ್ಕೆ ಹೊಂಬಣ್ಣದ ದೊಡ್ಡ ಬಲೆ ಹೂಡುವ ಜೇಡವೂ ನೋಟಕ್ಕೆ ಭಯಂಕರವಾಗಿದ್ದರೂ ನಿರಪಾಯಕಾರಿಗಳೇ.

ಎಚ್ಚರಿಕೆಯಿಂದ ದೂರವಿರಬೇಕಾದ ಒಂದು ಬಗೆಯುಂಟು. ಪಶ್ಚಿಮಘಟ್ಟದ ಪ್ರದೇಶಗಳಲ್ಲಿ ಮರದ ಪೊಟರೆಗಳಲ್ಲಿ ವಾಸಿಸುವ, ಮೈತುಂಬ ಒತ್ತಾಗಿ ರೋಮವಿರುವ, ದಪ್ಪ ಕಾಲಿನ ದೊಡ್ಡ ಜೇಡವದು. ಅಪರೂಪಕ್ಕೊಮ್ಮೆ ಹಳೆಯ ಮನೆಗಳ ಒಳಗೂ ಬರುತ್ತದೆ. ಇದು ಕಚ್ಚಿದರೆ ತೀವ್ರವಾದ ನೋವು, ಊತ, ಕೆಲವರಲ್ಲಿ ಸ್ನಾಯುಗಳ ಸೆಳೆತ ಕಾಣಿಸಿಕೊಳ್ಳುವುದರಿಂದ ವೈದ್ಯರಿಗೆ ತೋರಿಸಲೇಬೇಕು.

ವಿಷ ಮತ್ತು ಕಡಿತ

ಕೆಲವೇ ಪಂಗಡಗಳನ್ನು ಬಿಟ್ಟರೆ ಎಲ್ಲ ಜೇಡಗಳಿಗೂ ವಿಷವಿರುವುದು ನಿಜ. ಆ ವಿಷ ಸೃಷ್ಟಿಯಾಗಿರುವುದು ನೊಣ, ಜಿರಳೆಗಳನ್ನು ನಿಶ್ಚೇಷ್ಟಗೊಳಿಸುವುದಕ್ಕೆ. ಮನೆಯ ಸಣ್ಣ ಜೇಡಗಳ ಹಲ್ಲಿಗೆ ನಮ್ಮ ಚರ್ಮವನ್ನು ತೂರುವ ಶಕ್ತಿಯೇ ಸಾಲದು. ತಿಗಣೆ, ಸೊಳ್ಳೆಗಳಂತೆ ಜೇಡವು ಮನುಷ್ಯನ ರಕ್ತವನ್ನು ಹೀರುವುದಿಲ್ಲ. ಆದ್ದರಿಂದ ಮಲಗಿರುವವರನ್ನು ಹುಡುಕಿಕೊಂಡು ಬರುವ ಪ್ರಯೋಜನವೂ ಅದಕ್ಕಿಲ್ಲ. ಬಟ್ಟೆಯ ಮಡಿಕೆಯಲ್ಲೋ ಪಾದರಕ್ಷೆಯಲ್ಲೋ ಸಿಕ್ಕಿ ಅದುಮಿಹೋದಾಗ ಮಾತ್ರ ಕಚ್ಚುತ್ತದೆ.

ಹಾಗೆ ಕಚ್ಚಿದುದನ್ನು ಕಣ್ಣಾರೆ ಕಂಡಿದ್ದರೆ ಆ ಜಾಗವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನಿಡಿ. ಊತವೇರುವ ಮೊದಲೇ ಬಳೆ, ಉಂಗುರಗಳನ್ನು ತೆಗೆದಿಡಿ. ಕೊಯ್ಯುವುದು, ಸುಡುವುದು, ಸುಣ್ಣ ಹಚ್ಚುವುದು ಕೂಡದು. ನೋವು ಹೆಚ್ಚುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಸೆಳೆತ, ವಾಂತಿ, ಜ್ವರ ಅಥವಾ ಉಸಿರಾಟದ ತೊಂದರೆ ಕಂಡುಬಂದರೆ, ಇಲ್ಲವೇ ಕಚ್ಚಿಸಿಕೊಂಡದ್ದು ಚಿಕ್ಕ ಮಗುವಾಗಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಚುಚ್ಚುಮದ್ದು ಜೇಡದ ಕಡಿತಕ್ಕೆ ಉಪಯೋಗವಾಗದು. ಅದನ್ನು ಕೊಡಿರೆಂದು ವೈದ್ಯರನ್ನು ಒತ್ತಾಯಿಸಬಾರದು.

‘ಜೇಡ ಉಚ್ಚೆ ಹೊಯ್ದಿದೆ’

ಮೈಮೇಲೆ ನೀರುಗುಳ್ಳೆಗಳೆದ್ದು ಉರಿಯತೊಡಗಿದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವ ಮಾತು ಹಳ್ಳಿಯಲ್ಲಿ ಮಾತ್ರವಲ್ಲ, ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ಪರಿಶೀಲಿಸೋಣ. ಜೇಡದ ದೇಹದಿಂದ ಹೊರಬೀಳುವ ತ್ಯಾಜ್ಯವು ಸುಣ್ಣದ ಬೊಟ್ಟಿನಂಥ ಒಂದು ಹನಿ ಮಾತ್ರ. ಚರ್ಮವನ್ನು ಸುಡುವ ಗುಣ ಅದಕ್ಕಿಲ್ಲ. ಹಾಗಾದರೆ ಗುಳ್ಳೆಗಳು ಎಲ್ಲಿಂದ ಬಂದವು?

ಒಂದು ಕಾರಣ, ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ದೀಪದ ಬೆಳಕಿಗೆ ಬರುವ ಒಂದು ಪುಟ್ಟ ಜೀರುಂಡೆ. ನೋಡಲು ಉದ್ದನೆಯ ಇರುವೆಯಂತಿದ್ದು, ಮೈಯ ನಡುನಡುವೆ ಕಿತ್ತಳೆಗೆಂಪೂ ಕಪ್ಪೂ ಬಣ್ಣದ ಪಟ್ಟೆಗಳಿರುತ್ತವೆ. ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಕುತ್ತಿಗೆಯ ಮೇಲೆ ಹರಿದಾಡಿದಾಗ ನಾವು ಅದನ್ನು ತಿಕ್ಕಿ ಅರೆದುಬಿಡುತ್ತೇವೆ. ಅದರ ದೇಹದ್ರವ ಚರ್ಮಕ್ಕೆ ತಾಗುತ್ತದೆ. ಆಗಲೇ ಏನೂ ತಿಳಿಯದು. ಒಂದೆರಡು ದಿನಗಳೊಳಗೆ ತಿಕ್ಕಿದ ಗೆರೆಯುದ್ದಕ್ಕೂ ಕೆಂಪಾಗಿ ಉರಿಗುಳ್ಳೆಗಳೇಳುತ್ತವೆ. ಅಷ್ಟರಲ್ಲಿ ಜೀರುಂಡೆ ಮರೆತುಹೋಗಿರುತ್ತದೆ. ಸೂರಿನ ಜೇಡ ಮಾತ್ರ ಅಲ್ಲೇ ಕಾಣುತ್ತಿರುತ್ತದೆ. ಈ ಕೀಟ ಮೈಮೇಲೆ ಕಂಡರೆ ಅರೆಯದೆ ಊದಿ ಹಾರಿಸಿ, ಆ ಜಾಗವನ್ನು ಸಾಬೂನಿನಿಂದ ತೊಳೆಯಿರಿ. ಅದೇ ಕೈಯಿಂದ ಕಣ್ಣನ್ನು ಉಜ್ಜಬೇಡಿರಿ.

ಇನ್ನೊಂದು ಕಾರಣ ಸರ್ಪಸುತ್ತು. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಾಣುವೇ ನರಗಳ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೋ ದೇಹದ ರೋಗನಿರೋಧಶಕ್ತಿ ಕುಂದಿದಾಗಲೋ ಮತ್ತೆ ತಲೆಯೆತ್ತುತ್ತದೆ. ಎದೆ, ಬೆನ್ನು, ಸೊಂಟ ಅಥವಾ ಮುಖದ ಒಂದೇ ಪಕ್ಕದಲ್ಲಿ ಮೊದಲು ಉರಿ, ಚುಚ್ಚುನೋವು. ಕೆಲವು ದಿನಗಳಲ್ಲಿ ಅದೇ ಪಟ್ಟಿಯಲ್ಲಿ ಗೊಂಚಲು ಗೊಂಚಲಾಗಿ ನೀರುಗುಳ್ಳೆ. ಇದಕ್ಕೆ ವೈರಾಣುವನ್ನು ತಡೆಯುವ ಮಾತ್ರೆಗಳಿವೆ. ಗುಳ್ಳೆಗಳು ಕಾಣಿಸಿಕೊಂಡ 72 ಗಂಟೆಗಳೊಳಗೆ ಪ್ರಾರಂಭಿಸಿದರೆ ಅವುಗಳ ಫಲ ಹೆಚ್ಚು. ಅಜ್ಜಿಯ ಹಣೆಯ ಮೇಲೆ ಗುಳ್ಳೆಯೆದ್ದಾಗ ‘ಜೇಡದ್ದು, ತಾನಾಗಿಯೇ ಹೋಗುತ್ತದೆ’ ಎಂದು ಸೊಪ್ಪಿನ ರಸವನ್ನೋ ಕೆಮ್ಮಣ್ಣನ್ನೋ ಹಚ್ಚಿ ವಾರ ಕಳೆದರೆ, ಅದು ಕಣ್ಣಿಗೆ ವ್ಯಾಪಿಸಿ ದೃಷ್ಟಿಗೆ ಧಕ್ಕೆಯಾಗಬಹುದು. ವಾಸಿಯಾದ ಮೇಲೂ ತಿಂಗಳುಗಟ್ಟಲೆ ನರದ ನೋವು ಉಳಿಯಬಹುದು. ಜೇಡವನ್ನು ದೂಷಿಸಿದ್ದಕ್ಕೆ ತೆರುವ ಬೆಲೆ ಇದು.

ಕಾಲಿನ ಮೇಲೆ ಹುಣ್ಣಾಗಿ ಕೀವು ತುಂಬಿ ಹರಡುವುದನ್ನು ‘ಜೇಡ ಕಚ್ಚಿತು’ ಎಂದು ಸುಮ್ಮನಿರುವವರೂ ಇದ್ದಾರೆ. ಮಾಯದ ಹುಣ್ಣಿನ ಹಿಂದೆ ಸಕ್ಕರೆ ಕಾಯಿಲೆ ಇರಬಹುದು, ರಕ್ತಪರೀಕ್ಷೆ ಮಾಡಿಸತಕ್ಕದ್ದು.

ಜೇಡವೆಂದು ತಿಳಿದು ಮೋಸಹೋಗಬಾರದ ಕಡಿತಗಳು

ನೆಲದ ಮೇಲೆ ಚಾಪೆ ಹಾಸಿ ಮಲಗಿದ ಹುಡುಗನೊಬ್ಬ ನಡುರಾತ್ರಿ ಎದ್ದು, ‘ಏನೋ ಕಚ್ಚಿದಂತಾಯಿತಮ್ಮಾ’ ಎನ್ನುತ್ತಾನೆಂದು ಭಾವಿಸಿರಿ. ದೀಪ ಹಚ್ಚಿದರೆ ಗೋಡೆಯಲ್ಲೊಂದು ಜೇಡ. ‘ಅದೇ ಕಚ್ಚಿರಬೇಕು, ಮಲಗು ಕಂದಾ’ ಎನ್ನುವುದು ಸಹಜ. ಆದರೆ ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು. ಅದರ ಹಲ್ಲು ಚಿಕ್ಕದಾದ್ದರಿಂದ ಗುರುತು ಕಾಣದೆಯೂ ಇರಬಹುದು. ನೋವಾಗಲಿ ಊತವಾಗಲಿ ಇಲ್ಲದೆಯೂ ಇರಬಹುದು. ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು, ವಾಂತಿ, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲಾಗದಿರುವುದು ಒಂದೊಂದಾಗಿ ತೋರಿ, ಕೊನೆಗೆ ಉಸಿರಾಟವೇ ನಿಂತುಹೋಗುತ್ತದೆ. ಆದ್ದರಿಂದ ಕತ್ತಲಲ್ಲಿ ಕಚ್ಚಿದುದು ಏನೆಂದು ಕಣ್ಣಾರೆ ಕಾಣದಿದ್ದಾಗ ಅದನ್ನು ಜೇಡವೆಂದು ತೀರ್ಮಾನಿಸಲೇಕೂಡದು. ಕಚ್ಚಿದ ಅಂಗವನ್ನು ಅಲುಗಿಸದಂತೆ ಇರಿಸಿ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ, ಹಾವಿನ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಕೂಡಲೇ ಒಯ್ಯಿರಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕದಲ್ಲಿ 2024ರಲ್ಲಿ ಆದೇಶವಾಗಿದೆ.

ಎಂಟು ಕಾಲಿನ ಇನ್ನೊಂದು ಜೀವಿ ಉಣುಗು, ಅಂದರೆ ಉಣ್ಣಿ. ಇದು ಜೇಡದ ದೂರದ ನೆಂಟ. ಆದರೆ ಸ್ವಭಾವ ತದ್ವಿರುದ್ಧ. ದೇಹ ಎರಡು ಭಾಗವಾಗಿರದೆ ಒಂದೇ ಚೀಲದಂತಿರುತ್ತದೆ. ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ಮಲೆನಾಡಿನಲ್ಲಿ ಸೊಪ್ಪು ಸೌದೆಗೆ ಕಾಡಿಗೆ ಹೋಗಿ ಬಂದವರು ಮೈಯನ್ನು ಪರೀಕ್ಷಿಸಿಕೊಂಡು, ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಒಗೆಯಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಅನಂತರ ಜ್ವರ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಭಯವನ್ನು ನೀಗುವ ಬಗೆ

ಇಷ್ಟನ್ನು ತಿಳಿದ ಮೇಲೂ ಜೇಡ ಕಂಡೊಡನೆ ಎದೆ ಹೊಡೆದುಕೊಂಡರೆ, ಮೈ ಬೆವರಿದರೆ, ನಿಮ್ಮಲ್ಲಿ ದೋಷವಿದೆಯೆಂದು ಭಾವಿಸಬೇಡಿರಿ. ಇದು ಹೆಂಗಸರ ಭಯವೆಂಬ ಮಾತೂ ಸರಿಯಲ್ಲ. ಗಂಡಸರಿಗೂ ಇರುತ್ತದೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ತಿಳಿವಳಿಕೆಯೊಂದರಿಂದಲೇ ಭಯ ಹೋಗುವುದಿಲ್ಲ. ಓಡಿಹೋದಾಗಲೆಲ್ಲ ಮನಸ್ಸಿಗೆ ತಾತ್ಕಾಲಿಕ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ‘ಓಡಿದ್ದರಿಂದ ಉಳಿದೆ’ ಎಂಬ ತಪ್ಪು ಪಾಠವನ್ನು ಬೇರೂರಿಸುತ್ತದೆ. ಇದಕ್ಕೆ ಪ್ರತಿಯಾಗಿ, ಭಯದ ವಸ್ತುವಿನ ಬಳಿಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಕ್ರಮವನ್ನು ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1989ರಲ್ಲಿ, ತಜ್ಞರ ನೆರವಿನಿಂದ ಒಂದೇ ಬೈಠಕ್ಕಿನ ಕೆಲವು ಗಂಟೆಗಳಲ್ಲಿಯೇ ಇಂಥ ಭಯಗಳನ್ನು ಬಹುಮಟ್ಟಿಗೆ ಇಳಿಸಬಹುದೆಂದು ತೋರಿಸಿದರು.

ಮನೆಯಲ್ಲಿ ಅವಸರವಿಲ್ಲದೆ ಇದನ್ನು ಹೀಗೆ ಅಭ್ಯಾಸ ಮಾಡಬಹುದು. ಮೊದಲು ಒಂದು ಕಾಗದದ ಮೇಲೆ ನೀವೇ ಜೇಡದ ಚಿತ್ರವನ್ನು ಬರೆಯಿರಿ. ಎಂಟು ಕಾಲು, ಎರಡು ಭಾಗ. ಬಳಿಕ ಪುಸ್ತಕದಲ್ಲಿರುವ ಚಿತ್ರವನ್ನು ನೋಡಿರಿ. ಅದು ಸಲೀಸಾದ ಮೇಲೆ ಮುಚ್ಚಿದ ಗಾಜಿನ ಸೀಸೆಯಲ್ಲಿ ಮನೆಯವರೊಬ್ಬರು ಜಿಗಿಯುವ ಸಣ್ಣ ಜೇಡವೊಂದನ್ನು ಹಿಡಿದಿಟ್ಟು, ಕೋಣೆಯ ಆಚೆಯ ತುದಿಯಲ್ಲಿರಿಸಲಿ. ದಿನದಿನಕ್ಕೆ ಒಂದೊಂದು ಹೆಜ್ಜೆ ಹತ್ತಿರ ಹೋಗಿರಿ. ಪ್ರತಿಯೊಂದು ಹಂತದಲ್ಲಿಯೂ ಎದೆಬಡಿತ ತಾನಾಗಿಯೇ ಇಳಿಯುವವರೆಗೆ ಅಲ್ಲಿಯೇ ನಿಲ್ಲುವುದು ಮುಖ್ಯ. ಭಯ ಏರಿರುವಾಗಲೇ ಹಿಂದಿರುಗಿದರೆ ಫಲವಿಲ್ಲ. ಉಸಿರನ್ನು ನಿಧಾನವಾಗಿ ಬಿಡುವುದರಿಂದ ಸಹಾಯವಾಗುತ್ತದೆ. ವಾರದ ಕೆಲಸ ತಿಂಗಳು ಹಿಡಿದರೂ ಚಿಂತೆಯಿಲ್ಲ.

ಮಕ್ಕಳ ವಿಷಯದಲ್ಲಿ ಹಿರಿಯರು ವಿಶೇಷ ಜಾಗ್ರತೆ ವಹಿಸಬೇಕು. ‘ಊಟ ಮಾಡದಿದ್ದರೆ ಜೇಡ ಬರುತ್ತದೆ’ ಎಂದು ಹೆದರಿಸಬಾರದು. ತಮಾಷೆಗೆಂದು ಜೇಡವನ್ನು ಮೈಮೇಲೆ ಎಸೆಯುವ ಅಣ್ಣಂದಿರನ್ನೂ ಚಿಕ್ಕಪ್ಪಂದಿರನ್ನೂ ತಡೆಯಿರಿ. ಹೀಗೆ ಒತ್ತಾಯದಿಂದ ಭಯ ಹೋಗುವ ಬದಲು ಬಲಿಯುತ್ತದೆ. ಭಯದ ಕಾರಣದಿಂದ ಶಾಲೆ, ನಿದ್ದೆ, ಮನೆಗೆಲಸಗಳು ಕೆಡುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ತೋರಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು, ಇದಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಜೇಡ ಮನೆಗೆ ಬರುವುದು ಆಹಾರವನ್ನು ಹುಡುಕಿಕೊಂಡು. ಜಿರಳೆ, ನೊಣಗಳು ಕಡಿಮೆಯಾದರೆ ಜೇಡವೂ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಇಲ್ಲಣ ತೆಗೆಯುವುದು, ಎಂಜಲು ಪಾತ್ರೆಗಳನ್ನು ರಾತ್ರಿ ಬಿಡದಿರುವುದು, ಸೌದೆ, ಹಳೆಯ ರಟ್ಟುಗಳನ್ನು ಗೋಡೆಯಿಂದ ದೂರವಿಡುವುದು ಇವಿಷ್ಟೇ ಸಾಕು. ಹೊಲಕ್ಕೆ ತಂದ ಕೀಟನಾಶಕವನ್ನು ಮನೆಯೊಳಗೆ ಸಿಂಪಡಿಸುವ ದುಸ್ಸಾಹಸ ಎಂದಿಗೂ ಬೇಡ; ಜೇಡದಿಂದ ಆಗದ ಪ್ರಾಣಹಾನಿ ಆ ಔಷಧಿಯಿಂದ ಆದೀತು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗುವುದರಿಂದ ಸೊಳ್ಳೆಯ ಜತೆಗೆ ಹಾವು, ಚೇಳು, ಜೇಡಗಳಿಂದಲೂ ರಕ್ಷಣೆ ದೊರೆಯುತ್ತದೆ. ಪಾದರಕ್ಷೆ, ಹೊರಗೆ ಒಣಹಾಕಿದ ಬಟ್ಟೆಗಳನ್ನು ಕೊಡವಿ ಬಳಸಿರಿ. ಜೇಡವಿದೆಯೆಂದು ಸೊಳ್ಳೆಯ ನಿಯಂತ್ರಣವನ್ನು ಅದಕ್ಕೇ ಬಿಟ್ಟು ಕೂರುವಂತೆಯೂ ಇಲ್ಲ. ನಿಂತ ನೀರನ್ನು ಚೆಲ್ಲುವ ಕೆಲಸ ನಿಮ್ಮದೇ.

ಕೈ ಕೊಯ್ದುಕೊಂಡಾಗ ರಕ್ತ ನಿಲ್ಲಿಸಲು ಜೇಡರ ಬಲೆಯನ್ನು ಗಾಯಕ್ಕೆ ಒತ್ತುವ ಪದ್ಧತಿ ಕೆಲವೆಡೆ ಇದೆ. ಬಲೆಗಂಟಿದ ಧೂಳಿನೊಡನೆ ಧನುರ್ವಾಯುವಿನ ರೋಗಾಣುಗಳು ಗಾಯವನ್ನು ಹೊಗಬಹುದಾದ್ದರಿಂದ ಈ ಪದ್ಧತಿಯನ್ನು ಬಿಡಬೇಕು. ಗಾಯವನ್ನು ಸಾಬೂನು ನೀರಿನಿಂದ ತೊಳೆದು ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದು, ಚುಚ್ಚುಮದ್ದಿಗಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಕೊನೆಗೆ, ಮಲಗುವ ಕೋಣೆಯಲ್ಲಿ ದೊಡ್ಡ ಜೇಡ ಕಂಡಾಗ ಮಾಡಬೇಕಾದುದು. ಪೊರಕೆಯನ್ನು ಹುಡುಕಬೇಡಿರಿ, ಹೊಡೆತ ತಪ್ಪಿದರೆ ಅದು ಹಾಸಿಗೆಯ ಕಡೆಗೇ ಓಡೀತು. ಅಗಲ ಬಾಯಿಯ ಡಬ್ಬಿಯೊಂದನ್ನು ನಿಧಾನವಾಗಿ ಅದರ ಮೇಲೆ ಕವುಚಿ, ಗೋಡೆಗೂ ಡಬ್ಬಿಗೂ ನಡುವೆ ಒಂದು ರಟ್ಟನ್ನು ಜಾರಿಸಿರಿ. ರಟ್ಟನ್ನು ಬಿಗಿಯಾಗಿ ಹಿಡಿದು ಹಿತ್ತಿಲಿಗೆ ಒಯ್ದು, ಮನೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಮರದ ಬುಡಕ್ಕೆ ಬಿಟ್ಟು ಬನ್ನಿರಿ. ಮಗು ನೋಡುತ್ತಿದ್ದರೆ ಜತೆಯಲ್ಲಿ ಕರೆದೊಯ್ಯಿರಿ. ದೀಪ ಹಿಡಿಯುವ ಕೆಲಸವನ್ನು ಅದಕ್ಕೇ ಕೊಡಬಹುದು.